ರಶ್ಮಿಯ ದುಬೈ, ನನ್ನ ಹೊಟ್ಟೆಕಿಚ್ಚು

ಆಗೆಲ್ಲ ನಮ್ಮ ಹಿರೇಗುತ್ತಿಯಲ್ಲಿ ಹೊಟ್ಟೆಕಿಚ್ಚು ಪಡಲು ದೂರ ಹೋಗಬೇಕಾಗಿರಲಿಲ್ಲ. ಒಂದೇ ಅಂಗಳ, ಒಂದೇ ಬಾವಿ, ಆಚೆಗೊಂದು ಮನೆ, ಈಚೆಗೊಂದು ಮನೆ. ಆಚೆ ಮನೆಯಲ್ಲಿ ಸುನಂದಾ ಚಿಕ್ಕಿ ಮತ್ತು ಅವಳ ಮಗಳು ರಶ್ಮಿ. ಈಚೆ ಮನೆಯಲ್ಲಿ ಅಪ್ಪ, ಆಯಿ, ನಾನು. ಅಜ್ಜಿ ಎರಡೂ ಮನೆಗೆ ಸೇರಿದವಳು. ಊಟ ನಮ್ಮಲ್ಲಿ, ನಿದ್ದೆ ಅವರಲ್ಲಿ. ನಾನೂ ರಶ್ಮಿಯೂ ಒಂದೇ ಕ್ಲಾಸು, ಒಂದೇ ಬೆಂಚು. ವ್ಯತ್ಯಾಸ ಇದ್ದದ್ದು ಅಪ್ಪಂದಿರಲ್ಲಿ. ನನ್ನಪ್ಪ ಗದ್ದೆ ಮಾಡಿಕೊಂಡು, ಬಿಡುವಾದಾಗ ಬೇರೆಯವರ ಮನೆಗೆ ಗೋಡೆ ಕಟ್ಟುತ್ತಿದ್ದ. ಅವಳಪ್ಪ, ಅಂದರೆ ನನ್ನ ಚಿಕ್ಕಪ್ಪ, ದುಬೈಯಲ್ಲಿ ಎಸಿ ರಿಪೇರಿ ಮಾಡುತ್ತಿದ್ದ.

ಆ ವರ್ಷ ಚಿಕ್ಕಪ್ಪನಿಗೆ ಊರಿಗೆ ಬರಲು ರಜೆ ಸಿಗಲಿಲ್ಲ. ಹಾಗಾಗಿ ಹೆಂಡತಿ ಮಗಳನ್ನೇ ಬೇಸಿಗೆಗೆ ಅಲ್ಲಿಗೆ ಕರೆಸಿಕೊಳ್ಳುವುದು, ಅಲ್ಲಿನ ದೊಡ್ಡ ನೀರಾಟದ ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗುವುದು ಎಂದು ಫೋನಿನಲ್ಲಿ ನಿಶ್ಚಯವಾಯಿತು. ಊರಿಗೆ ಬರುತ್ತಿದ್ದ ಭಟ್ಕಳದ ಗೆಳೆಯನೊಬ್ಬನ ಕೈಯಲ್ಲಿ ಪಾರ್ಕಿನ ಬಣ್ಣದ ಪುಸ್ತಕವನ್ನೂ ಕಳಿಸಿದ. ತೆಳ್ಳಗಿನ, ನುಣ್ಣನೆಯ ಹಾಳೆಗಳು. ತೆರೆದರೆ ಫಾರಿನ್ ಸೋಪಿನ ಪರಿಮಳ. ಅದನ್ನು ಮುಟ್ಟುವ ಅಧಿಕಾರ ರಶ್ಮಿಗೆ ಮಾತ್ರ.

"ಕೈ ತೊಳ್ದಿದ್ಯಾ?" ಎಂದು ಕೇಳುವಳು.

"ತೊಳ್ದಿದ್ದೆ."

"ಆದ್ರೂ ಮುಟ್ಬೇಡ. ನಾ ತೆಗ್ದು ತೋರಿಸ್ತೆ. ನೋಡು, ಈ ಕೊಳವೆ ಹಾವಿನ ಹಂಗೆ ಸುತ್ತಿ ಸುತ್ತಿ ಕೆಳಗೆ ಬರ್ತದೆ. ನಾ ಮೊದಲು ಇದ್ರಲ್ಲೇ ಕೂತ್ಕಳ್ಳೂದು."

ನೋಡುವುದಿಲ್ಲ ಎಂದು ಮುಖ ತಿರುಗಿಸಿ ಹೋಗುವಷ್ಟು ಬಿಗುಮಾನ ನನಗಿರಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಎಲ್ಲ ಹಾಳೆಗಳನ್ನೂ ನೋಡುತ್ತಿದ್ದೆ, ಒಳಗೊಳಗೇ ಬೇಯುತ್ತಿದ್ದೆ. ಸಮಾಧಾನ ಕೊಟ್ಟವಳು ಅಜ್ಜಿ ಒಬ್ಬಳೇ. ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ನೀರಲ್ಲಿ ಬೀಳೂಕೆ ಅಷ್ಟು ದೂರ ಎಂತಕೆ ಹೋಗೂದು? ಅಘನಾಶಿನಿ ಹೊಳೆ ಬತ್ತಿ ಹೋಯ್ತಾ?" ಅಂದಳು. ಅಜ್ಜಿ ನನ್ನ ಪಕ್ಷ ಎಂದು ಆವತ್ತು ಎಷ್ಟು ಖುಷಿಪಟ್ಟೆ!

ಪ್ರಯಾಣದ ತಯಾರಿಯಲ್ಲಿ ಎರಡೂ ಮನೆ ಮುಳುಗಿತು. ಶಾಲೆ ಬಿಟ್ಟು ಬಂದ ಮೇಲೆ ರಶ್ಮಿಗೆ ಜಾರುವ ಅಭ್ಯಾಸ. ಮನೆ ಹಿಂದಿನ ದಿಬ್ಬದ ಮೇಲೆ ತೆಂಗಿನ ಮಡಲಿಟ್ಟು ಅದರ ಮೇಲೆ ಅವಳು ಕೂರುವುದು, ನಾನು ಹಿಂದಿನಿಂದ ನೂಕುವುದು. ನಾನು ಸ್ವಲ್ಪ ಜೋರಾಗಿಯೇ ನೂಕುತ್ತಿದ್ದೆ. ಚಿಕ್ಕಿ ಸೂಟ್‌ಕೇಸು ತರಲು ಭಟ್ಕಳಕ್ಕೆ ಹೊರಟಾಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಫಾರಿನ್ ಸಾಮಾನಿನ ಅಂಗಡಿಯಲ್ಲಿ ಅತ್ತರಿನ ವಾಸನೆ, ಗಾಜಿನ ಬಾಟಲಿಗಳಲ್ಲಿ ಬಾದಾಮಿ, ಖರ್ಜೂರ. ಅಲ್ಲಿ ರಶ್ಮಿಗೆ ಮೈಗಂಟುವ ನೀಲಿ ಈಜುಡುಗೆ ಸಿಕ್ಕಿತು.

"ಇದ್ನ ಹಾಕ್ಕಂಡು ಮಂದಿ ಎದ್ರಿಗೆ ಹೋಗೂದಾ?" ಎಂದು ಚಿಕ್ಕಿ ಬಾಯಿಗೆ ಸೆರಗು ಹಿಡಿದಳು. ಆದರೂ ತೆಗೆದುಕೊಂಡಳು. ನನಗೊಂದು ಗುಲಾಬಿ ಬಣ್ಣದ ಕ್ಲಿಪ್ಪು. ಬಸ್ಸಿನಲ್ಲಿ ಹೊನ್ನಾವರದ ಸೇತುವೆ ದಾಟುವಾಗ ಅದನ್ನು ಶರಾವತಿಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಕ್ಲಿಪ್ಪು ಚೆನ್ನಾಗಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಹಪ್ಪಳದ ಕೆಲಸ. ಚಿಕ್ಕಪ್ಪನಿಗೆ ಹಲಸಿನ ಹಪ್ಪಳ, ಒಣ ಸೀಗಡಿ, ಮಿಡಿ ಉಪ್ಪಿನಕಾಯಿ, ಕುಚಲಕ್ಕಿ ಎಲ್ಲವೂ ಹೋಗಬೇಕಿತ್ತು. ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಒಣಗಲು ಹಾಕಿ, ಕಾಗೆ ಓಡಿಸಲು ನನ್ನ ಕೈಗೆ ಕೋಲು ಕೊಟ್ಟರು. ರಶ್ಮಿ ಬಿಸಿಲಿಗೆ ಬರುವಂತಿಲ್ಲ, ಮುಖ ಕಪ್ಪಾದರೆ ಅಪ್ಪನಿಗೆ ಬೇಜಾರಾಗುತ್ತದಂತೆ! ನಾನು ಕಾಗೆ ಓಡಿಸಬೇಕು, ಹಪ್ಪಳ ವಿಮಾನ ಹತ್ತಬೇಕು. ಆ ಹಪ್ಪಳಗಳ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು.

ಇನ್ನು ಉಳಿದದ್ದು ಪ್ರಸಾದ ಕೇಳುವುದು. ನಮ್ಮ ಕಡೆ ಮನೆ ಕಟ್ಟಲಿ, ಮದುವೆ ಮಾಡಲಿ, ಮೊದಲು ಅಮ್ಮನವರ ಗುಡಿಗೆ ಹೋಗಿ ಪ್ರಸಾದ ಕೇಳಬೇಕು. ಪೂಜೆ ಮಾಡುವ ಗುನಗರು ಒದ್ದೆ ಹೂವಿನ ಎಸಳುಗಳನ್ನು ದೇವಿಯ ಮೈಗೆ ಎಡಕ್ಕೂ ಬಲಕ್ಕೂ ಅಂಟಿಸಿ ಪ್ರಶ್ನೆ ಇಡುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಪ್ರಸಾದ ಆಗದೆ ವಿಮಾನದ ಟಿಕೆಟ್ ತೆಗೆಯುವ ಹಾಗಿಲ್ಲ ಎಂದು ಚಿಕ್ಕಪ್ಪನಿಗೂ ಹೇಳಿಯಾಗಿತ್ತು. ಒಂದು ಮಂಗಳವಾರ ಬೆಳಿಗ್ಗೆ ಎರಡೂ ಮನೆಯವರು ಮಿಂದು ಗುಡಿಗೆ ಹೋದೆವು.

"ತಾಯೀ," ಗುನಗರು ಕೈಮುಗಿದರು, "ನಿನ್ನ ಮಕ್ಕಳು ಇವ್ರು. ಸಮುದ್ರ ದಾಟಿ ಹೋಗಿ, ಅಲ್ಲಿ ನೀರಾಟ ಆಡ್ಕಂಡು, ಸುಖವಾಗಿ ಬರ್ಬೇಕು ಅಂತ ಆಸೆ ಮಾಡಾರೆ. ನಿನ್ನ ಒಪ್ಪಿಗೆ ಇದ್ರೆ ಬಲಕ್ಕೆ ಕೊಡು."

ರಶ್ಮಿ ಕಣ್ಣು ಮುಚ್ಚಿ "ಬಲ, ಬಲ" ಎಂದು ಪಿಸುಗುಡುತ್ತಿದ್ದಳು. ನಾನು ಕಣ್ಣು ಬಿಟ್ಟುಕೊಂಡು ಮನಸ್ಸಿನಲ್ಲೇ "ಎಡ, ಎಡ" ಅನ್ನುತ್ತಿದ್ದೆ. ಎಡದ ಎಸಳು ಮೆಲ್ಲಗೆ ಜಾರಿ ಕೆಳಗೆ ಬಿತ್ತು.

ಚಿಕ್ಕಿಯ ಕಣ್ಣಲ್ಲಿ ನೀರು. ರಶ್ಮಿಯಂತೂ ಗುಡಿ ಎನ್ನುವುದನ್ನೂ ಮರೆತು ಬೋರೆಂದು ಅತ್ತಳು. ಅಮ್ಮನವರು ಇಷ್ಟು ಬೇಗ ನನ್ನ ಮಾತು ಕೇಳುತ್ತಾರೆಂದು ಗೊತ್ತಿದ್ದರೆ ಇನ್ನೂ ಮುಂಚೆಯೇ ಬರುತ್ತಿದ್ದೆನಲ್ಲ ಎಂದುಕೊಂಡೆ.

"ಕೇಳಿದ್ದನ್ನೇ ತಿರುಗಿ ಕೇಳೂಕೆ ಬರೂದಿಲ್ಲ," ಅಂದರು ಗುನಗರು.

ಅಷ್ಟರಲ್ಲಿ ಅಜ್ಜಿ ಮುಂದೆ ಬಂದಳು. "ಬೇರೆ ನಮನಿ ಕೇಳಿದ್ರೆ ಅಡ್ಡಿಲ್ಲ ಅಲ್ವಾ?" ಎಂದವಳೇ ದೇವಿಯ ಹತ್ತಿರ ನೇರವಾಗಿ ಮಾತಿಗಿಳಿದಳು. "ತಾಯೀ, ಹೆಂಗ್ಸು ಒಬ್ಳು, ಹುಡ್ಗಿ ಒಬ್ಳು, ಅವ್ರಿಬ್ರೇ ಹೋಗೂದು ಬೇಡ ಅಂದೆ. ಆತು. ಮನೆಯೋರು ಇನ್ನೊಬ್ರು ಜೊತೆಗೆ ಹೋದ್ರೆ?"

ಹೊಸ ಎಸಳು ಅಂಟಿಸಿ ಗುನಗರು ಕೈ ತೆಗೆಯುವುದಕ್ಕಿಲ್ಲ, ಬಲದ್ದು ಟಪ್ಪನೆ ಬಿತ್ತು.

ಮನೆಯವರು ಇನ್ನೊಬ್ಬರು! ಅಪ್ಪನಿಗೆ ಗದ್ದೆ, ಆಯಿಗೆ ದನ. ಉಳಿದವಳು ಯಾರು? ಆ ಹಾವಿನಂಥ ಕೊಳವೆ, ನೀಲಿ ನೀರು, ವಿಮಾನದ ಕಿಟಕಿ ಎಲ್ಲ ಒಂದೇ ಉಸಿರಿಗೆ ನನ್ನದಾಯಿತು. "ನಾ ಹೋಗ್ತೆ!" ಎಂದು ಕೂಗಿಯೇಬಿಟ್ಟೆ.

ಗುಡಿಯಲ್ಲಿದ್ದವರೆಲ್ಲ ನಕ್ಕರು. ಅತ್ತು ಕೆಂಪಾದ ಮುಖದಲ್ಲೇ ರಶ್ಮಿಯೂ ನಕ್ಕಳು.

"ನೀ ಯಾರಿಗೆ ಜೊತೆ ಆಗ್ತೀಯೇ ತಂಗಿ? ನಿಂಗೇ ಒಂದು ಜೊತೆ ಬೇಕು," ಅಂದಳು ಅಜ್ಜಿ. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಸ್ಸಿನಲ್ಲಿ ಕುಮಟೆಗೆ ಹೋದರೂ ವಾಂತಿ ಮಾಡಿಕೊಳ್ಳುವ ಆ ನನ್ನಜ್ಜಿ, "ನಾನೇ ಹೋಗ್ತೆ," ಎಂದಳು.

ಆ ಮಧ್ಯಾಹ್ನ ನಾನು ಊಟ ಬಿಟ್ಟೆ. ರಶ್ಮಿಯ ಮೇಲಿನ ಹೊಟ್ಟೆಕಿಚ್ಚು ನನಗೆ ಅಭ್ಯಾಸವಾಗಿತ್ತು. ಹಲ್ಲಿಲ್ಲದ ಅಜ್ಜಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಹೊಸದು, ಇನ್ನೂ ಉರಿ ಜಾಸ್ತಿ. ಆಯಿ ಬೆಲ್ಲ ಕಲಸಿದ ಅವಲಕ್ಕಿ ಹಿಡಿದು ಪಕ್ಕ ಬಂದು ಕೂತಳು.

"ಮಗ ಊರು ಬಿಟ್ಟು ಎಷ್ಟು ಕಾಲ ಆತು! ಅಜ್ಜಿಗೆ ಅವ್ನ ನೋಡೂಕೆ ಆಸೆ ಆಗೂದಿಲ್ವನೇ?"

"ನಂಗೆ ಜಾರೂಕೆ ಆಸೆ ಆಗೂದಿಲ್ವಾ?"

ಆಯಿ ಅವಲಕ್ಕಿ ಬಟ್ಟಲನ್ನು ನನ್ನ ಮಡಿಲಿಗಿಟ್ಟು ಎದ್ದು ಹೋದಳು. ಸ್ವಲ್ಪ ಹೊತ್ತು ಬಿಟ್ಟು ನಾನು ತಿಂದೆ.

ಅಜ್ಜಿಯ ಪಾಸ್‌ಪೋರ್ಟ್ ಆಗಬೇಕಾದ್ದರಿಂದ ಪ್ರಯಾಣ ದೀಪಾವಳಿ ರಜೆಗೆ ಹೋಯಿತು. ಆಗಲಿಕ್ಕಿಲ್ಲ ಎಂದು ಮಳೆಗಾಲವಿಡೀ ಆಸೆಯಿಂದ ಕಾದೆ, ಆದರೆ ಆಯಿತು. ಮೂವರೂ ಹೋದರು. ಅಂಗಳದಲ್ಲಿ ಜಗಳಕ್ಕೂ ಜನವಿಲ್ಲದೆ ಆ ದೀಪಾವಳಿ ಕಳೆದೆ. ಅವರು ತಿರುಗಿ ಬಂದ ಮೇಲೆ, ರಶ್ಮಿ ಹೆದರಿ ಒಂದೇ ಸಲ ಜಾರಿದಳೆಂದು ಚಿಕ್ಕಿಯಿಂದ ಗೊತ್ತಾಗಿ ಬಹಳ ಹಿತವಾಯಿತು. ಅಜ್ಜಿಯನ್ನು ಕೇಳಿದೆ, "ಪಾರ್ಕು ಹೆಂಗಿತ್ತು?"

"ಯಾರಿಗೆ ಗೊತ್ತು ತಂಗಿ. ನಾ ನಿನ್ನ ಚಿಕ್ಕಪ್ಪನ ಜೊತೆ ಬೆಂಚಿನ ಮೇಲೆ ಕೂತಿದ್ದೆ."

"ಸುಮ್ನೇ ಕೂತಿದ್ಯಾ? ಇಡೀ ದಿನ?"

"ಹೌದು. ಅವ್ನ ಕೈ ಹಿಡ್ಕಂಡು."

ಅಷ್ಟು ದೂರ ಹೋಗಿ ಪಾರ್ಕನ್ನೇ ನೋಡದೆ ಬಂದಳಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಈಗ ನಾನೂ ಗಂಡನೂ ಹೊನ್ನಾವರದಲ್ಲಿ ಔಷಧಿ ಅಂಗಡಿ ನಡೆಸುತ್ತೇವೆ. ಈ ಬೇಸಿಗೆಗೆ ಮಗಳನ್ನು ಕರೆದುಕೊಂಡು ಸಿಂಗಾಪುರದ ಥೀಮ್ ಪಾರ್ಕಿಗೆ ಹೊರಟಿದ್ದೇವೆ. ಮೂವರಿಗೂ ಇದೇ ಮೊದಲ ವಿದೇಶ. ತಯಾರಿಯೆಲ್ಲ ಅಂಗಡಿಯಲ್ಲೇ, ಗಿರಾಕಿಗಳ ನಡುವೆ ಫೋನಿನಲ್ಲಿ ಮುಗಿಯಿತು. ಮನುಷ್ಯರನ್ನೂ ಕೇಳಲಿಲ್ಲ, ದೇವರನ್ನೂ ಕೇಳಲಿಲ್ಲ. ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು. "ನಮ್ಮ ಕ್ಲಾಸಲ್ಲಿ ತುಂಬಾ ಜನ ಹೋಗಿ ಬಂದಿದಾರೆ," ಎಂದಳು ಮಗಳು. ನನ್ನನ್ನು ಕಂಡು ಯಾರಾದರೂ ಒಬ್ಬರು ಉರಿದುಕೊಳ್ಳಬೇಕಿತ್ತು. ಹುಬ್ಬಳ್ಳಿಯಲ್ಲಿರುವ ರಶ್ಮಿಗೆ ಫೋನ್ ಮಾಡಿದೆ.

"ಹೌದನೇ? ಚೊಲೋ ಆತು," ಅಂದಳು. "ಟಿಕೆಟ್ ಮೊದಲೇ ತೆಕ್ಕ, ಇಲ್ದಿದ್ರೆ ಕ್ಯೂನಲ್ಲೇ ಅರ್ಧ ದಿನ ಹೋಗ್ತದೆ. ನಾವು ಹೋದಾಗ ಹಂಗೇ ಆತು."

"ನೀವು ಹೋಗಿದ್ರಾ? ಯಾವಾಗ?"

"ಹೋದ ವರ್ಷವೇ. ಸ್ಟೇಟಸ್ ಹಾಕಿದ್ನಲ್ಲೇ, ನೋಡ್ಲಿಲ್ವಾ?"

ನೋಡಿರಲಿಲ್ಲ. ಅವಳು ಸೂಟ್‌ಕೇಸಿಗೆ ಏನು ತುಂಬಿದಳು, ಮಗನಿಗೆ ಯಾವ ಬಟ್ಟೆ ತಂದಳು, ಯಾರು ಹೆದರಿದರು, ಯಾರು ಜಾರಿದರು, ನನಗೆ ಒಂದೂ ಗೊತ್ತಿರಲಿಲ್ಲ. ಕಳಿಸುತ್ತೇನೆ ಎಂದವಳು ಆಗಲೇ ಫೋಟೋ ಕಳಿಸಿದಳು. ಗಾಜಿನ ಮೇಜಿನ ಮೇಲೆ ಫೋನಿಟ್ಟು ಒಂದೊಂದಾಗಿ ನೋಡಿದೆ. ದೊಡ್ಡ ದೊಡ್ಡ ಆಟಗಳು, ಐಸ್‌ಕ್ರೀಮು, ಬಣ್ಣದ ಟೋಪಿಗಳು, ನಗುತ್ತಿರುವ ರಶ್ಮಿ. ಮಗ ಅವಳ ಭುಜದವರೆಗೆ ಬಂದಿದ್ದಾನೆ. ಗುರುತಿಲ್ಲದವರ ಫೋಟೋ ನೋಡಿದ ಹಾಗೆ, ಎಷ್ಟು ನೋಡಿದರೂ ಹೊಟ್ಟೆಕಿಚ್ಚು ಬರಲಿಲ್ಲ. ಚೀಟಿ ಹಿಡಿದು ನಿಂತಿದ್ದ ಗಿರಾಕಿಯ ಎದುರಿಗೇ ನನಗೆ ಅಳು ಬಂತು.