ಭೀಮವ್ವನ ಸೊಪ್ಪಿನ ವ್ರತ

ಹರಿಹರದ ಮಾರ್ಕೆಟ್ಟಿನ ಬೀಡಾಡಿ ದನಗಳಿಗೆ ಈ ಭೂಮಿಯ ಮೇಲೆ ಇರುವುದು ಒಬ್ಬಳೇ ವೈರಿ: ಸೊಪ್ಪು ಮಾರುವ ಭೀಮವ್ವ. ಸಂಜೆ ಉಳಿದ ಬಾಡಿದ ಕಟ್ಟುಗಳನ್ನು ಬೇರೆಯವರು ರಸ್ತೆಗೆ ಎಸೆದು ಹೋದರೆ, ಭೀಮವ್ವ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಬೇಯಿಸಿ, ತಾನೇ ತಿಂದು ಮುಗಿಸುತ್ತಿದ್ದಳು. ಸಾರಥಿ ಊರಿನ ಮೆಂತ್ಯವಾಗಲಿ, ಕೊಂಡಜ್ಜಿ ಊರಿನ ಪಾಲಕ್ಕಾಗಲಿ, ಅವಳ ಬುಟ್ಟಿ ಸೇರಿದ ಮೇಲೆ ದನದ ಬಾಯಿ ಕಂಡ ಚರಿತ್ರೆಯಿಲ್ಲ. ಅವಳ ನೆರಳು ಬಿದ್ದರೆ ಹೋರಿಗಳು ದಾರಿ ಬಿಡುತ್ತಿದ್ದವಂತೆ. ನಾನು ನಂಬುತ್ತೇನೆ.

ಇಂಥ ವೀರವನಿತೆಯ ಹೃದಯಕ್ಕೆ ಎರಡು ವರ್ಷದ ಹಿಂದೆ ಲೋಹದ ಕವಾಟ ಕೂರಿಸಿದರು. ಅಲ್ಲಿ ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದು ಗುಳಿಗೆ. ಗುಳಿಗೆ ಹೆಚ್ಚಾಯಿತೋ ಕಡಿಮೆಯಾಯಿತೋ ನೋಡಲು ತಿಂಗಳಿಗೊಮ್ಮೆ ದಾವಣಗೆರೆಯಲ್ಲಿ ರಕ್ತಪರೀಕ್ಷೆ. "ಸೊಪ್ಪು ತಿಂದ್ರೆ ಗುಳಿಗೆ ಕೆಲಸ ಮಾಡಂಗಿಲ್ಲ" ಎಂದು ಅಲ್ಲಿ ಯಾರೋ ಹೇಳಿಬಿಟ್ಟರು.

ಅಂದಿನಿಂದ ಭೀಮವ್ವ ತನ್ನ ಮನೆಯಲ್ಲೇ ಸೊಪ್ಪು ಕದ್ದು ತಿನ್ನುವ ಕಳ್ಳಿಯಾದಳು. ಪ್ರತಿ ತುತ್ತೂ ಗಂಟಲಲ್ಲಿ ಚುಚ್ಚುತ್ತಿತ್ತು, ಚುಚ್ಚಿಕೊಂಡೇ ಇಳಿಯುತ್ತಿತ್ತು. ಪಾಪ ಕಳೆಯಲು ಅವಳೇ ಒಂದು ವ್ರತ ಕಟ್ಟಿದಳು: ಪರೀಕ್ಷೆಗೆ ಒಂದು ವಾರ ಮುಂಚೆ ಸೊಪ್ಪು ಬಂದ್. ಗುಡಿಗೆ ಹೋಗುವವರು ಮಡಿಯಾದಂತೆ ಅವಳು ಲ್ಯಾಬಿಗೆ ಮಡಿ. ವ್ರತದ ರಕ್ತ ಎಷ್ಟು ತೆಳ್ಳಗಿರುತ್ತಿತ್ತೆಂದರೆ ಡಾಕ್ಟರು ಗುಳಿಗೆಯನ್ನೇ ಕಡಿಮೆ ಮಾಡಿದರು. ಅವಳು ಬಸ್ಸಿಳಿದ ಸಂಜೆಯೇ ವ್ರತ ಮುರಿಯುತ್ತಿದ್ದಳು.

ಹೀಗೆ ಗುಳಿಗೆ ಇಳಿಯಿತು, ಸೊಪ್ಪು ಏರಿತು. ಒಂದು ಬೆಳಿಗ್ಗೆ ಗಿರಾಕಿಗೆ ಪುಂಡಿಸೊಪ್ಪು ಕೊಡುವಾಗ ಬಲಗೈ ಸತ್ತಂತಾಗಿ ಕಟ್ಟು ಕೆಳಗೆ ಬಿತ್ತು. ನಾಲಿಗೆ ತೊದಲಿತು. ಪಕ್ಕದಲ್ಲಿ ಬಾಳೆಹಣ್ಣು ಮಾರುವ ಮಸ್ತಾನಸಾಬ್ ಆಟೋ ಹತ್ತಿಸಿ ದಾವಣಗೆರೆಗೆ ಕರೆತಂದ. ಅಷ್ಟರಲ್ಲಿ ಕೈಯೂ ಮಾತೂ ಮರಳಿದ್ದವು. ರಕ್ತ ಮಾತ್ರ ಇರಬೇಕಾದಷ್ಟು ತೆಳ್ಳಗಿರಲಿಲ್ಲ.

"ಹೋದ ತಿಂಗ್ಳು ಅಷ್ಟು ತೆಳ್ಳಗಿತ್ತು, ಈಗ ಹಿಂಗೈತೆ. ಹೆಂಗಮ್ಮ ಇದು?" ಡಾಕ್ಟರು ಕೇಳಿದ್ದು ರಕ್ತ ತೆಗೆಯುವ ನುಜತ್‌ಳನ್ನು.

ನುಜತ್ ತಲೆ ತಗ್ಗಿಸಿದಳು. "ಅವತ್ತು ಟ್ಯೂಬು ಗೆರೆ ಮುಟ್ಟೋವರ್ಗೂ ತುಂಬಿರಲಿಲ್ಲೇನೋ ಸಾರ್. ರಕ್ತ ಕಮ್ಮಿ ಬಿದ್ರೆ ಟ್ಯೂಬಿನಾಗಿನ ಔಷಧಿ ಹೆಚ್ಚಾಗಿ ತೆಳ್ಳಗೈತೆ ಅಂತ ಸುಳ್ಳು ತೋರಿಸ್ತೈತೆ. ನಂದೇ ತಪ್ಪಿರ್ಬೇಕು."

"ನಿನ್ ಟ್ಯೂಬು ನಂಬಿ ನಾನು ಗುಳಿಗೆ ಇಳಿಸಿದ್ನಲ್ಲ. ನಾಳೆಯಿಂದ ನೀನು ಸೂಜಿ ಹಿಡಿಯಾದು ಬ್ಯಾಡ."

ನುಜತ್‌ಳ ಕಣ್ಣು ತುಂಬಿ ಹರಿಯಿತು. ಮಂಚದ ಮೇಲಿದ್ದ ಭೀಮವ್ವನಿಗೆ, ಎರಡು ವರ್ಷದಲ್ಲಿ ತಿಂದ ಮೆಂತ್ಯ, ಹರಿವೆ, ಪಾಲಕ್ ಎಲ್ಲ ಎದ್ದು ಬಂದು ಎದುರಿಗೆ ಸಾಕ್ಷಿ ಹೇಳಲು ನಿಂತಂತಾಯಿತು. ಗೋಡೆ ಕಡೆ ತಿರುಗಿದಳು. ಅಲ್ಲೂ ಸೊಪ್ಪೇ. ಕೊನೆಗೆ ಎದ್ದು ಕೂತಳು.

"ಆ ಹುಡುಗೀಗೆ ಯಾಕ ಬೈತೀರಿ. ತಿಂದಾಕಿ ನಾನು."

ವ್ರತದ ಕಥೆಯೆಲ್ಲ ಹೊರಬಿತ್ತು. ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಸೊಪ್ಪು ತಿನ್ರಿ, ಯಾರು ಬ್ಯಾಡ ಅಂತಾರೆ. ಆದ್ರೆ ದಿನಾ ಒಂದೇ ಅಳತಿ ತಿನ್ರಿ, ಅದಕ್ಕೆ ತಕ್ಕಂಗೆ ಗುಳಿಗೆ ಕೊಡ್ತೀನಿ. ಒಂದ್ ವಾರ ಉಪಾಸ, ಮೂರ್ ವಾರ ಹಬ್ಬ ಮಾಡಿದ್ರೆ ಜೀವಕ್ಕೇ ಬರ್ತೈತೆ." ಆಮೇಲೆ ನುಜತ್ ಕಡೆ ನೋಡದೆ ಅಂದರು: "ಖಾತ್ರಿಗೆ ಇನ್ನೊಂದ್ಸಲ ರಕ್ತ ತೆಗಿಯಮ್ಮ. ನೀನೇ ತೆಗಿ."

ಡಾಕ್ಟರು ಹೋದ ಮೇಲೆ ನುಜತ್ ಕಣ್ಣೊರೆಸಿಕೊಂಡು ಹತ್ತಿರ ಬಂದಳು. ಇಷ್ಟು ದೊಡ್ಡ ತ್ಯಾಗವನ್ನು ಅವಳು ಕಂಡಿರಲಿಲ್ಲ.

"ನನ್ನ ಮ್ಯಾಲೆ ತಪ್ಪು ಬರಬಾರ್ದು ಅಂತ ಒಪ್ಕಂಡ್ರಾ ಅವ್ವ?"

"ಇಲ್ಲವ್ವ," ಭೀಮವ್ವ ತೋಳು ಚಾಚಿದಳು. "ಅಳಾರ ಕೈಲಿ ಸೂಜಿ ಚುಚ್ಚಿಸ್ಕಳಾಕೆ ನಂಗೆ ಅಂಜಿಕೆ."