ಟೇಪಿನಲ್ಲಿ ವಾಲಿದ ಚಿಮಣಿ

ಆ ಪಂದ್ಯವನ್ನು ನಾವು ಮೈದಾನದಲ್ಲಿ ಸೋತದ್ದು ಒಂದೇ ಸಲ. ಉಳಿದ ಸೋಲುಗಳೆಲ್ಲ ಭದ್ರಾವತಿಯ ಒಂದು ಫೋಟೊ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ, ಭಾನುವಾರ ಮಧ್ಯಾಹ್ನ, ವಿ.ಸಿ.ಆರ್. ಮುಂದೆ ಚಾಪೆಯ ಮೇಲೆ ಕೂತು ಸೋತದ್ದು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಮನೆ ಶಿವಮೊಗ್ಗದ ಗೋಪಾಳದಲ್ಲಿ, ಓದು ಶಂಕರಘಟ್ಟದಲ್ಲಿ, ಭೌತಶಾಸ್ತ್ರದ ಎಂ.ಎಸ್ಸಿ. ಭದ್ರಾವತಿಯಲ್ಲಿ ಹತ್ತುತ್ತಿದ್ದ ಸಹಪಾಠಿಯೊಬ್ಬನಿಗೆ ಬಸ್ಸಿನಲ್ಲಿ ಸೀಟು ಹಿಡಿಯುತ್ತ ಹಿಡಿಯುತ್ತ ಗೆಳೆತನವಾಯಿತು. ಅವನ ಅಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ತಮಿಳು, ಜಗಳಕ್ಕೆ ಕನ್ನಡ. ತಮ್ಮ ಕಾಲೋನಿಯ ಬ್ಯಾಸ್ಕೆಟ್‌ಬಾಲ್ ತಂಡವೆಂದರೆ ಅವನಿಗೆ ಹುಚ್ಚು. ಆ ಹುಚ್ಚು ನನಗೂ ಅಂಟಿತು.

ಪ್ರತಿ ವರ್ಷ ಕಾಲೋನಿಯ ಮೈದಾನದಲ್ಲಿ ಟೂರ್ನಿ ನಡೆಯುತ್ತಿತ್ತು. ಸರ್ವೆ ಕಂಬ ನೆಟ್ಟು, ಹುರಿಯಲ್ಲಿ ಬಿಗಿದು, ಹಲಗೆ ಹಾಸಿದ ಗ್ಯಾಲರಿಯಲ್ಲಿ ನಾವು ಕೂರುತ್ತಿದ್ದೆವು. ಎದುರಾಳಿ ಫ್ರೀ ಥ್ರೋಗೆ, ಅಂದರೆ ಯಾರೂ ಅಡ್ಡ ಬರದೆ ಒಬ್ಬನೇ ಬುಟ್ಟಿಗೆ ಎಸೆಯಲು, ನಿಂತನೆಂದರೆ ಗೆಳೆಯ ಮೇಲಿನ ಸಾಲಿನಲ್ಲಿ ಎದ್ದು ವಿಸಿಲ್ ಊದುತ್ತಿದ್ದ. ಆಗ ಇಡೀ ಗ್ಯಾಲರಿ ಹಲಗೆಯ ಮೇಲೆ ಕಾಲು ಬಡಿಯಬೇಕು, ಚೆಂಡು ಕೈಬಿಡುವ ತನಕ. ಅದು ನಮ್ಮ ಪದ್ಧತಿ. ಚೆಂಡು ಹಾಕುವವನ ಮೊಣಕಾಲು ನಡುಗುವುದನ್ನು ಕಂಡಿದ್ದೇನೆಂದು ಗೆಳೆಯ ಆಣೆ ಮಾಡಿ ಹೇಳುತ್ತಿದ್ದ.

ಆ ವರ್ಷದ ಫೈನಲಿನಲ್ಲಿ ಕೊನೆಯ ಕ್ಷಣಕ್ಕೆ ಎರಡೂ ತಂಡ ಸಮ. ಎದುರಾಳಿಗೆ ಎರಡು ಫ್ರೀ ಥ್ರೋ ಸಿಕ್ಕಿತು. ನಾವು ಕಾಲು ಬಡಿದೆವು, ಮೊದಲನೆಯದು ತಪ್ಪಿತು. ಎರಡನೆಯದಕ್ಕೆ ಶುರು ಮಾಡುವಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಮ್ಮ ಕಡೆ ತಿರುಗಿದರು.

"ಸಾಕು ನಿಲ್ಸ್ರೋ! ಆಡೋ ಹುಡುಗನಿಗೆ ಸ್ವಲ್ಪ ಮರ್ಯಾದೆ ಕೊಡಿ."

ನಾಚಿಕೆಯಾಗಿ ನಿಲ್ಲಿಸಿದೆವು. ಚೆಂಡು ಬುಟ್ಟಿಯ ಬಳೆಯನ್ನು ಮುಟ್ಟದೆ ಒಳಗೆ ಬಿತ್ತು. ಒಂದು ಪಾಯಿಂಟಿನಲ್ಲಿ ಸೋತೆವು.

ಸ್ಟುಡಿಯೊದ ಮಾಲೀಕರು ಮದುವೆಗಳ ವೀಡಿಯೊ ತೆಗೆಯುವವರು, ಆಟದ ಮೋಹಕ್ಕೆ ಬಿಟ್ಟಿಯಾಗಿ ಫೈನಲ್ ತೆಗೆದಿದ್ದರು. ಆಮೇಲೆ ಒಂದು ವರ್ಷ ಹೆಚ್ಚುಕಡಿಮೆ ಪ್ರತಿ ಭಾನುವಾರ ಅವರ ಹಿಂದಿನ ಕೋಣೆಯಲ್ಲಿ ಆರೇಳು ಜನ ಸೇರಿದೆವು. ಪೂರ್ತಿ ಪಂದ್ಯ ಯಾರಿಗೂ ಬೇಡ. ಕೊನೆಯ ಎರಡು ನಿಮಿಷ ಸಾಕು. ತಿರುಗಿಸಿ ತಿರುಗಿಸಿ ಆ ಜಾಗದಲ್ಲಿ ಟೇಪು ಸವೆದು ಬಿಳಿ ಗೆರೆಗಳು ಬರತೊಡಗಿದ್ದವು. ಏಳುತ್ತಿರುವ ಮೇಷ್ಟ್ರ ಬೆನ್ನು ಪರದೆಯ ಮೇಲೆ ಬಂದ ತಕ್ಷಣ ಎಲ್ಲರೂ ಬೈಯುತ್ತಿದ್ದೆವು. "ಅಲ್ಲೇ ಸೋತಿದ್ದು ಮಾರಾಯ, ಅಲ್ಲೇ," ಎನ್ನುತ್ತಿದ್ದ ಗೆಳೆಯ. "ಕಾಲು ನಿಲ್ಲಿಸಬಾರದಿತ್ತು. ಮುಂದಿನ್ ಸಲ ಆ ದೇವರೇ ಬಂದು ಎದುರಿಗೆ ನಿಂತ್ರೂ ನಿಲ್ಸಲ್ಲ."

ಕಾಲು ಬಡಿಯುವಾಗ ಚಿತ್ರ ಗಡಗಡ ಅಲುಗುತ್ತಿತ್ತು. ಅದೊಂದು ತಮಾಷೆ.

"ಏನ್ ಸಾರ್, ಮದುವೆ ಮನೇಲಿ ಎಣ್ಣೆ ಹಾಕ್ಕೊಂಡು ಬಂದಿದ್ರಾ?"

"ಥೂ ನಿಮ್ಮ! ಕ್ಯಾಮೆರಾ ಸ್ಟ್ಯಾಂಡ್ ಮೇಲಿತ್ತು ಕಣ್ರೋ. ನಿಮ್ ಹಿಂದೇನೇ ಇಟ್ಟಿದ್ದೆ, ಮೇಲಿನ್ ಸಾಲಲ್ಲಿ. ನಾನು ಕೈ ಕೂಡ ಹಚ್ಚಿಲ್ಲ."

ನಗುತ್ತಿದ್ದೆವು. ಆ ಮಾತಿನ ಅರ್ಥವೇನೆಂದು ಯಾರೂ, ನಾನೂ, ಯೋಚಿಸಲಿಲ್ಲ.

ಮುಂದಿನ ಟೂರ್ನಿಗೆ ಹತ್ತು ದಿನವಿತ್ತು. ಟೇಪನ್ನು ಮನೆಗೆ ತಂದು ಹಾಕಿಕೊಂಡಿದ್ದೆ. ಅಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅವರಿಗೆ ಆಟ ತಿಳಿಯದು, ಚೆಂಡು ಎಲ್ಲಿದೆಯೆಂದು ಹುಡುಕುವ ಗೋಜೂ ಇಲ್ಲ.

"ಏನೋ ಅದು, ಆ ಚಿಮಣಿ ವಾಲ್ಕೊಂಡಿದೆ?"

"ಯಾವ ಚಿಮಣಿ?"

"ಹಿಂದೆ ಕಾಣ್ತದಲ್ಲ, ಫ್ಯಾಕ್ಟರೀದು. ಆಗ ನೆಟ್ಟಗಿತ್ತು. ಈಗ ನೋಡು."

ಬುಟ್ಟಿಯ ಬೋರ್ಡಿನ ಹಿಂದೆ, ದೂರದಲ್ಲಿ, ಕಾರ್ಖಾನೆಯ ಚಿಮಣಿ. ಒಂದು ವರ್ಷ ಅದು ನನ್ನ ಕಣ್ಣೆದುರಿಗಿತ್ತು, ಒಮ್ಮೆಯೂ ನೋಡಿರಲಿಲ್ಲ. ಟೇಪನ್ನು ಮೊದಲಿಗೆ ತಿರುಗಿಸಿ, ಟೀವಿಯ ಗಾಜಿಗೆ ಸ್ಕೇಲು ಒತ್ತಿ ಹಿಡಿದೆ. ಶುರುವಿನಲ್ಲಿ ಚಿಮಣಿ ಸ್ಕೇಲಿಗೆ ಸರಿಯಾಗಿ ನೆಟ್ಟಗೆ. ಒಂದೊಂದು ಸಲ ಕಾಲು ಬಡಿದ ಮೇಲೂ ಇಷ್ಟಿಷ್ಟೇ ಓರೆ. ಅಲುಗಾಟ ನಿಂತ ಮೇಲೆ ಅದು ಹಳೆಯ ಜಾಗಕ್ಕೆ ಮರಳುತ್ತಿರಲಿಲ್ಲ. ಕೊನೆಯ ಫ್ರೀ ಥ್ರೋ ಹೊತ್ತಿಗೆ ಅದರ ತುದಿ ಸ್ಕೇಲಿನಿಂದ ಎರಡು ಬೆರಳು ಆಚೆಗಿತ್ತು.

ಚಿಮಣಿ ವಾಲುವುದಿಲ್ಲ. ವಾಲಿದ್ದು ಕ್ಯಾಮೆರಾ. ಕ್ಯಾಮೆರಾ ನಿಂತಿದ್ದು ಗ್ಯಾಲರಿಯ ಮೇಲೆ. ಆ ಗ್ಯಾಲರಿಯ ಮೇಲೆ ನಾನಿದ್ದೆ. ಮೇಷ್ಟ್ರು ಎದ್ದು ಗದರದಿದ್ದರೆ ಇನ್ನೆಷ್ಟು ಬಡಿತ ಉಳಿದಿತ್ತೋ? ಅಮ್ಮ ಕಾಳಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಮರುದಿನವೇ ಭದ್ರಾವತಿಯಲ್ಲಿ ಇಳಿದು ಗೆಳೆಯನನ್ನು ಕರೆದುಕೊಂಡು ಮೈದಾನಕ್ಕೆ ಹೋದೆ. ಗ್ಯಾಲರಿ ಆಗಲೇ ಏಳುತ್ತಿತ್ತು. ಅದೇ ಕಂತ್ರಾಟುದಾರ, ಅವೇ ಕಂಬಗಳು, ಹೋದ ವರ್ಷಕ್ಕಿಂತ ಎರಡು ಸಾಲು ಎತ್ತರ. ನೆಟ್ಟಗೆ ನಿಂತ ಕಂಬಗಳಿದ್ದವು, ಅಡ್ಡ ಕಟ್ಟಿದವಿದ್ದವು. ಪಕ್ಕಕ್ಕೆ ಜಾರದಂತೆ ಓರೆಯಾಗಿ ಕಟ್ಟಬೇಕಾದ ಗಳ ಹುಡುಕಿದರೆ ಎರಡೋ ಮೂರೋ.

"ಓರೆ ಗಳ ಇನ್ನಷ್ಟು ಹಾಕಿ," ಎಂದೆ.

ಕಂತ್ರಾಟುದಾರ ನನ್ನ ಹೆಗಲ ಚೀಲ ನೋಡಿದ. "ಏನ್ ಓದ್ತಿದೀರಾ?"

"ಎಂ.ಎಸ್ಸಿ."

"ಓದಿ. ಹೋದ್ ವರ್ಷ ಬಿತ್ತಾ ಇದು?"

"ಇಲ್ಲ."

"ಮತ್ತೆ?"

ಗೆಳೆಯ ನಗು ತಡೆಯಲು ಆಚೆ ತಿರುಗಿದ. ಅವನನ್ನು ಸ್ಟುಡಿಯೊಗೆ ಕರೆದೊಯ್ದು ಟೇಪು ಹಾಕಿ, ಸ್ಕೇಲು ಹಿಡಿದು ತೋರಿಸಿದೆ. "ಟೇಪ್ ಸವೆದಿದೆ ಮಾರಾಯ, ಅದಕ್ಕೆ ಹಾಗ್ ಕಾಣ್ತದೆ," ಎಂದ. ಮಾಲೀಕರು ಮಾತ್ರ ಎರಡು ಸಲ ನೋಡಿದರು. ಆಮೇಲೆ, "ಸ್ಟ್ಯಾಂಡ್ ಸ್ಕ್ರೂ ಸಡಿಲಾಗಿರ್ಬೇಕು. ಏನೇ ಆಗ್ಲಿ, ಈ ಸಲ ನನ್ ಕ್ಯಾಮೆರಾ ಮೇಲ್ ಹತ್ತಲ್ಲಪ್ಪ. ಎದುರುಗಡೆ ನೆಲದ ಮೇಲೆ ಇಡ್ತೀನಿ," ಎಂದರು.

ಕಾಲು ಬಡಿಯಬೇಡ ಎಂದು ಗೆಳೆಯನನ್ನು ಬೇಡಿಕೊಂಡೆ. ಅವನಿಗೆ ಸಿಟ್ಟು ಬಂತು.

"ಒಂದ್ ವರ್ಷ ಕೂತು ನೋಡಿದ್ದು ಏನಕ್ಕೆ? ನಿಲ್ಲಿಸಿದ್ದಕ್ಕೇ ಸೋತ್ವಿ ಅಂತ ನೀನೂ ತಾನೇ ಹೇಳಿದ್ದು?"

ಹೇಳಿದ್ದು ನಿಜ. ಆಮೇಲೆ ಅವನೇ ಮೆತ್ತಗಾದ.

"ಆಯ್ತು, ಒಂದ್ ಕೆಲ್ಸ ಮಾಡು. ನೀನು ಹತ್ಬೇಡ. ಕೆಳಗ್ ನಿಂತು ನೋಡ್ತಾ ಇರು. ವಾಲಿದ್ರೆ ಏನಾದ್ರೂ ಕೆಂಪಗಿರೋದು ಎತ್ತು. ನಾನು ಎರಡ್ ಸಲ ಉದ್ದ ಊದಿ ಎಲ್ರನ್ನೂ ಇಳಿಸ್ತೀನಿ. ಅಪ್ಪನಾಣೆ."

ಅವನ ಮಾತಿನಲ್ಲಿ ಮೋಸವಿರಲಿಲ್ಲ. ಎತ್ತಿದ್ದರೆ ಊದುತ್ತಿದ್ದ. ಅದನ್ನು ಈಗಲೂ ನಂಬುತ್ತೇನೆ.

ಫೈನಲಿನ ದಿನ ಸಂಜೆ ನಾಲ್ಕೂವರೆಗೆ ಆಟ ಶುರುವಾಯಿತು. ಗ್ಯಾಲರಿಯ ಎಡತುದಿಯ ಕಂಬದ ಮೇಲಿಂದ ಹುರಿಗೆ ಕಲ್ಲು ಕಟ್ಟಿ ಇಳಿಬಿಟ್ಟಿದ್ದೆ. ಕಲ್ಲು ನಿಂತ ಕಡೆ ಕಂಬದ ಬುಡಕ್ಕೆ ಸೀಮೆಸುಣ್ಣದ ಗುರುತು. ಗುರುತಿನಿಂದ ಕಲ್ಲು ಎರಡು ಬೆರಳು ಸರಿದರೆ ಟವೆಲ್ ಎತ್ತುವುದೆಂದು ತೀರ್ಮಾನ. ಮನೆಯಿಂದ ತಂದ ಕೆಂಪು ಟವೆಲ್ ಹೆಗಲ ಮೇಲಿತ್ತು. ಹಾದುಹೋಗುವವರು, "ಏನ್ ಸ್ವಾಮಿ, ಸ್ನಾನಕ್ಕೆ ಬಂದ್ರಾ?" ಎಂದು ಕೇಳಿದರು.

ಗ್ಯಾಲರಿ ತುಂಬಿ ತುಳುಕುತ್ತಿತ್ತು. ಮೇಲಿನ ಸಾಲಿನಲ್ಲಿ ಗೆಳೆಯ, ಕೊರಳಲ್ಲಿ ವಿಸಿಲ್. ನನ್ನನ್ನು ಕಂಡು ಕೈ ಬೀಸಿದ. ಮೊದಲರ್ಧದಲ್ಲಿ ಎದುರಾಳಿಗೆ ಸಿಕ್ಕ ಫ್ರೀ ಥ್ರೋ ಕಡಿಮೆ. ಕಾಲು ಬಡಿದಾಗ ಹಲಗೆಗಳ ಸಂದಿಯಿಂದ ಧೂಳು ಉದುರಿತು, ಕಲ್ಲು ತೂಗಿತು, ಮರಳಿ ಗುರುತಿನ ಹತ್ತಿರ ಬಂತು. ಹತ್ತಿರ, ಗುರುತಿಗೇ ಅಲ್ಲ. ಎರಡನೆಯ ಅರ್ಧದಲ್ಲಿ ಅದು ಒಂದು ಬೆರಳು ಸರಿದಿತ್ತು. ಕಂಬದ ಕಟ್ಟಿನಲ್ಲಿ ಹುರಿ ಕಿರ್ ಎನ್ನುತ್ತಿತ್ತು. ಎಷ್ಟೋ ಹೊತ್ತು ನಾನು ಆಟದ ಕಡೆ ತಿರುಗಲೇ ಇಲ್ಲ. ಕೂಗಾಟ ಕೇಳಿ ಪಾಯಿಂಟು ಊಹಿಸುತ್ತಿದ್ದೆ.

ಕೊನೆಗೆ ನಾವು ಒಂದು ಪಾಯಿಂಟು ಮುಂದಿದ್ದೆವು. ಕೆಲವೇ ಸೆಕೆಂಡು ಉಳಿದಿರುವಾಗ ಎದುರಾಳಿಗೆ ಎರಡು ಫ್ರೀ ಥ್ರೋ. ಹೋದ ವರ್ಷದ ಹಾಗೆಯೇ. ಗೆಳೆಯನ ವಿಸಿಲ್ ಕೇಳಿತು. ಅಂಥ ಬಡಿತವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಾಲ ಕೆಳಗಿನ ನೆಲವೇ ಅದುರುತ್ತಿತ್ತು. ಮೊದಲನೆಯದು ತಪ್ಪಿತು.

ಕಲ್ಲು ನೋಡಿದೆ. ಎರಡು ಬೆರಳಿಗೆ ಕೂದಲೆಳೆ ಕಡಿಮೆ.

ಪೂರ್ತಿ ಎರಡು ಬೆರಳಾಗಿಲ್ಲ ಎಂದುಕೊಂಡೆ. ಇನ್ನೊಂದೇ ಚೆಂಡು ಎಂದುಕೊಂಡೆ. ಈಗ ಎತ್ತಿದರೆ ಬಡಿತ ನಿಲ್ಲುತ್ತದೆ, ಅದು ಒಳಗೆ ಬಿದ್ದು ಪಂದ್ಯ ಸಮವಾಗುತ್ತದೆ, ಆಮೇಲೆ ಸೋತರೆ ಮುಂದಿನ ವರ್ಷವಿಡೀ ಆ ಕೋಣೆಯಲ್ಲಿ ಎಲ್ಲರೂ ನೋಡುವುದು ನನ್ನ ಬೆನ್ನನ್ನು. ಅದನ್ನೂ ಯೋಚಿಸಿದೆ.

ಮತ್ತೆ ವಿಸಿಲ್. ಆಗ ನಾನು ಕಲ್ಲಿನಿಂದ ಕಣ್ಣು ತೆಗೆದು ಚೆಂಡಿನ ಕಡೆ ತಿರುಗಿದೆ.

ಚೆಂಡು ಬಳೆಗೆ ಬಡಿದು ಹೊರಗೆ ಹಾರಿತು. ಗೆದ್ದೆವು. ಗ್ಯಾಲರಿಯಲ್ಲಿದ್ದವರೆಲ್ಲ ಒಟ್ಟಿಗೆ ನೆಗೆದರು. ನೆಗೆದವರು ಇಳಿದಾಗ ಹಲಗೆ ಅಲ್ಲಿರಲಿಲ್ಲ. ದೊಡ್ಡ ಶಬ್ದವೇನೂ ಆಗಲಿಲ್ಲ, ಮುಂದುಗಡೆ ನಿಂತಿದ್ದ ನನ್ನ ಪಕ್ಕದಲ್ಲೇ ಇಡೀ ಗ್ಯಾಲರಿ ಎಡಕ್ಕೆ ಮಲಗಿಕೊಂಡಿತು, ಅಷ್ಟೆ. ಆಚೆ ಬದಿಯವರು ಗೆದ್ದ ಖುಷಿಯಲ್ಲಿ ಇನ್ನೂ ಚಪ್ಪಾಳೆ ಹೊಡೆಯುತ್ತಿದ್ದರು.

ಯಾರೂ ಸಾಯಲಿಲ್ಲ. ಕೈ ಮುರಿದವರಿದ್ದರು, ಹಲ್ಲು ಹೋದವರಿದ್ದರು. ಗೆಳೆಯನ ಬಲಗಾಲಿನ ಮೇಲೆ ಎರಡು ಕಂಬ ಬಿದ್ದಿದ್ದವು. ನಾವು ನಾಲ್ಕು ಜನ ಅವನ್ನು ಎತ್ತಿದೆವು. ಕೊರಳಲ್ಲಿ ವಿಸಿಲ್ ಹಾಗೇ ಇತ್ತು.

ಆಸ್ಪತ್ರೆಯಲ್ಲಿ, ಎರಡನೆಯ ಆಪರೇಷನ್ ಆದ ಮೇಲೆ, ಅವನು ಕೇಳಿದ.

"ನೀನು ಎತ್ತಿದ್ಯಾ? ನಾನು ರಿಂಗ್ ಕಡೆ ನೋಡ್ತಿದ್ದೆ. ಕಾಣ್ಲಿಲ್ಲ ಮಾರಾಯ."

"ಎತ್ತಿದ್ದೆ," ಎಂದೆ.

"ಛೆ," ಎಂದ. "ನಾನೇ ನೋಡ್ಲಿಲ್ಲ."

ಸ್ಟುಡಿಯೊದ ಮಾಲೀಕರು ಈ ಫೈನಲಿನ ಟೇಪನ್ನು ಯಾರಿಗೂ ತೋರಿಸಲಿಲ್ಲ. ಕೇಳಿದ್ದಕ್ಕೆ ನನಗೆ ಕೊಟ್ಟುಬಿಟ್ಟರು. ನಮ್ಮ ತಂಡ ಗೆದ್ದ ಏಕೈಕ ಫೈನಲ್ ಅದು. ಭಾನುವಾರದ ಕೂಟ ಮತ್ತೆ ಶುರುವಾದಾಗಲೂ ಹಳೆಯ ಸೋಲನ್ನೇ ನೋಡುತ್ತಿದ್ದರು. ನಾನು ಮನೆಯಲ್ಲಿ ಒಬ್ಬನೇ ಗೆದ್ದದ್ದನ್ನು ನೋಡುತ್ತಿದ್ದೆ. ಕ್ಯಾಮೆರಾ ಎದುರುಗಡೆ ನೆಲದ ಮೇಲಿತ್ತಲ್ಲ, ಗ್ಯಾಲರಿಯ ಬುಡದಲ್ಲಿ ನಾನು ಸ್ಪಷ್ಟವಾಗಿ ಕಾಣುತ್ತೇನೆ. ನನ್ನ ಮಾತು ಕೇಳಿ ಕೆಳಗಿಳಿದದ್ದು ಆ ಕ್ಯಾಮೆರಾ ಒಂದೇ.

ಗೆಳೆಯ ಊರುಗೋಲಿನಲ್ಲಿ ಓಡಾಡಲು ಕಲಿತ. ನಾಲ್ಕಾರು ವರ್ಷ ಕಳೆದವು. ಗೆದ್ದ ಟೇಪು ಕೊಡೆಂದು ಅವನು ಕೇಳಿದಾಗಲೆಲ್ಲ ಬೂಸಲು ಹಿಡಿದಿದೆ, ಓಡುವುದಿಲ್ಲ ಎನ್ನುತ್ತಿದ್ದೆ. ಒಂದು ದಿನ ಫೋನು ಮಾಡಿದ. "ಸ್ಟುಡಿಯೊದಲ್ಲಿ ಟೇಪ್ ತೊಳೆದು ಸೀಡಿಗೆ ಹಾಕಿ ಕೊಡ್ತಾರಂತೆ ಕಣೋ. ಗೆದ್ದಿದ್ದನ್ನ ಒಂದ್ ಸಲನಾದ್ರೂ ನೋಡ್ಬೇಕು. ಭಾನುವಾರ ಬರ್ತೀನಿ."

ಬಂದ. ಗೋಪಾಳದ ನಮ್ಮ ಮನೆಯ ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿ ಅಮ್ಮ ಬಾಗಿಲು ತೆಗೆದರು. ಕಾಲು ಚಾಚಿಕೊಂಡು ಟೀವಿಯ ಮುಂದೆ ಕೂತ. ಟೇಪು ಟೀವಿಯ ಮೇಲೇ ಇತ್ತು. ಕೈಗೆ ತೆಗೆದುಕೊಂಡು ಒಳಗಿನ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ.

"ಬೂಸಲು ಎಲ್ಲೋ?"

"ಇಲ್ಲ. ಓಡ್ತದೆ," ಎಂದೆ. "ಬಾಲ್ ನೋಡ್ಬೇಡ. ಎಡಗಡೆ ಮೂಲೆ ನೋಡು."

ಕೊನೆಯ ಎರಡು ನಿಮಿಷಕ್ಕೆ ತಂದು ಬಿಟ್ಟೆ. ಮೂಲೆಯಲ್ಲಿ ನಾನು, ಹುರಿ, ಹೆಗಲ ಮೇಲೆ ಟವೆಲ್. ಮೊದಲ ಥ್ರೋ ತಪ್ಪುತ್ತದೆ. ನಾನು ಬಗ್ಗಿ ಕಲ್ಲು ನೋಡುತ್ತೇನೆ. ನೆಟ್ಟಗೆ ನಿಲ್ಲುತ್ತೇನೆ. ಕೈ ಟವೆಲಿನ ಮೇಲೆ ಹೋಗಿ ಅಲ್ಲೇ ಇರುತ್ತದೆ. ಆಮೇಲೆ ಕತ್ತು ತಿರುಗಿಸುತ್ತೇನೆ.

ಗ್ಯಾಲರಿ ಮಲಗಿತು. ಗೆಳೆಯ ನನ್ನ ಕಡೆ ನೋಡಲಿಲ್ಲ. ಒಳಗಿನಿಂದ ಅಮ್ಮ ಕಾಫಿಗೆ ಸಕ್ಕರೆ ಎಷ್ಟೆಂದು ಕೇಳಿದರು.

"ರಿವೈಂಡ್ ಮಾಡು," ಎಂದ.