ಆನೆ ದಾಟದ ಪಾಠ

ಶೆಟ್ಟಿಹಳ್ಳಿ ಹಿನ್ನೀರಿನ ದಂಡೆಯಲ್ಲಿ ಶುಂಠಿ, ಮುಸುಕಿನ ಜೋಳ ಬೆಳೆಯುವ ಕನಕರಾಜು ಮಕ್ಕಳಿಗೆ ಲ್ಯಾಟಿನ್ ಕಲಿಸುತ್ತಾನೆ ಎಂದರೆ ಹಾಸನದ ಜನ ಇವತ್ತಿಗೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ಅವರಪ್ಪನ ಗಂಟೇನು ಹೋಗಬೇಕು.

ಕೊರೊನಾ ಬಂದು ಶಾಲೆಗೆ ಬೀಗ ಬಿದ್ದ ವರ್ಷ ಮಗಳು ನಿಸರ್ಗ ಅಟ್ಟದಿಂದ ಅಪ್ಪ ಹುಡುಗನಾಗಿದ್ದಾಗ ಬರೆದ ಒಂದು ಹಳೇ ನೋಟ್‌ಬುಕ್ಕು ಇಳಿಸಿದಳು. ಒಳಗೆ ಕನ್ನಡ ಅಕ್ಷರದಲ್ಲಿ ‘ಅಮೊ, ಅಮಾಸ್, ಅಮಾತ್’ ಎಂದಿತ್ತು. ಪ್ರೀತಿಸುತ್ತೇನೆ, ಪ್ರೀತಿಸುತ್ತೀಯ, ಪ್ರೀತಿಸುತ್ತಾನೆ. ಅಂದಿನಿಂದ ಸಂಜೆಯಾದರೆ ಅವಳೂ ಪಕ್ಕದ ಮನೆಯ ಇಬ್ಬರು ಮಕ್ಕಳೂ ಜಗಲಿಗೆ ಬರುವುದು, ಕನಕರಾಜು ಜೋಳ ಬಿಡಿಸುತ್ತ ಹೇಳಿಕೊಡುವುದು, ಇವರು ಮಗ್ಗಿಯ ಧಾಟಿಯಲ್ಲಿ ಒಪ್ಪಿಸುವುದು. ರೋಮಿನ ಏಳು ಅರಸರಿಗೆ ಏಳು ತೆನೆ. ಹೆಸರು ತಪ್ಪಿದವರು ಆ ತೆನೆ ಬಿಡಿಸಬೇಕು. ಹೆಂಡತಿ ಯಮುನಾ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಾಗೆಲ್ಲ, ನಿಮ್ಮ ರೋಮಿನ ರಾಜರು ಬಂದು ಶುಂಠಿ ಕಿತ್ತುಕೊಡುತ್ತಾರೇನು ಎಂದು ಚುಚ್ಚಿಯೇ ಹೋಗುವಳು.

ಪಾಠ ಮಾತ್ರ ಒಂದು ಜಾಗಕ್ಕೆ ಬಂದು ನಿಂತುಬಿಡುತ್ತಿತ್ತು. ರೋಮಿನ ಮೇಲೆ ದಂಡೆತ್ತಿ ಹೊರಟ ಹ್ಯಾನಿಬಲ್ ಎಂಬ ದಂಡನಾಯಕ ತನ್ನ ಆನೆಗಳೊಡನೆ ಒಂದು ದೊಡ್ಡ ಹೊಳೆಯ ದಡಕ್ಕೆ ಬರುತ್ತಾನೆ. ಅಲ್ಲಿಗೆ ನೋಟ್‌ಬುಕ್ಕು ಮುಗಿಯಿತು. ಆಮೇಲೇನಾಯಿತು ಎಂದು ಮಕ್ಕಳು ಪೀಡಿಸಿದರೆ ಕನಕರಾಜು ಮತ್ತೆ ಮೊದಲ ಅರಸನಿಂದ ಶುರು ಮಾಡುತ್ತಿದ್ದ. ಫೋನಿನಲ್ಲಿ ನೋಡೋಣ ಎಂದವರಿಗೆ ಬೈಗುಳ. ಆ ಕಥೆಯ ಮಿಕ್ಕಿದ್ದನ್ನು ಅವನು ಒಬ್ಬರ ಬಾಯಿಂದಲೇ ಕೇಳಬೇಕಿತ್ತು.

ಅವರು ಹೊಳೆನರಸೀಪುರದ ಚಂದ್ರಶೇಖರಯ್ಯ ಮೇಷ್ಟ್ರು. ಮಿಡ್ಲ್ ಸ್ಕೂಲಿಗೆಂದು ಸೋದರಮಾವನ ಮನೆಯಲ್ಲಿದ್ದ ಕನಕರಾಜು ಎದುರು ಮನೆಯ ಈ ಮೇಷ್ಟ್ರ ಜಗಲಿಗೆ ಅಂಟಿಕೊಂಡಿದ್ದ. ಎಳೆಯದರಲ್ಲಿ ಯಾರೋ ಪಾದ್ರಿಗಳ ಹತ್ತಿರ ಲ್ಯಾಟಿನ್ ಕಲಿತ ಅವರು ಬೀದಿಯ ಐದಾರು ಮಕ್ಕಳಿಗೆ ಅದನ್ನು ಸುಮ್ಮನೆ, ಸಂತೋಷಕ್ಕೆ ಹೇಳಿಕೊಡುತ್ತಿದ್ದರು. ಹ್ಯಾನಿಬಲ್ ತೆಪ್ಪ ಕಟ್ಟಿಸಿ, ನೆಲವೆಂದು ಆನೆಗಳು ನಂಬಲಿ ಎಂದು ಅದರ ಮೇಲೆ ಮಣ್ಣು ಹಾಸಿಸಿದ ಎಂದು ಅವರು ಹೇಳಿದ ದಿನ ಕನಕರಾಜು ಕಿಸಕ್ಕನೆ ನಕ್ಕ. ತನ್ನೂರ ಹಿನ್ನೀರಿನಲ್ಲಿ ಕಾಡಾನೆಗಳು ಸೊಂಡಿಲೆತ್ತಿಕೊಂಡು ಈಜುವುದನ್ನು ಅವನು ಕಣ್ಣಾರೆ ಕಂಡಿದ್ದ.

“ಪುಸ್ತಕ ಬರ್ದೋನು ಆನೇನೇ ನೋಡಿಲ್ಲ ಬುಡಿ ಸಾ. ಆನೆಗ್ಯಾಕೆ ತೆಪ್ಪ?”

ಮೇಷ್ಟ್ರಿಗೂ ಸಿಟ್ಟು ಮೂಗಿನ ತುದಿಯಲ್ಲೇ. “ಪುಸ್ತಕಕ್ಕಿಂತ ದೊಡ್ಡೋನೇನ್ಲಾ ನೀನು? ಎದ್ದೋಗು” ಎಂದರು. ಇವನು ಎದ್ದೇ ಹೋದ. ಮಾರನೆಯ ಬೆಳಿಗ್ಗೆ ಊರಿನ ಬಸ್ಸು ಹತ್ತಿದವನು ಮತ್ತೆ ಆ ಬೀದಿಗೂ ಹೋಗಲಿಲ್ಲ, ಯಾವ ಶಾಲೆಗೂ ಹೋಗಲಿಲ್ಲ. ಆಗ ಹನ್ನೆರಡು, ಈಗ ನಲವತ್ತೇಳು. ಹೊಳೆನರಸೀಪುರಕ್ಕೆ ಬೀಜ ತರಲು ಹೋದಾಗೆಲ್ಲ ಕಾಲು ಆ ಬೀದಿಯ ತಿರುವಿನತನಕ ಹೋಗುತ್ತಿತ್ತು, ಅಲ್ಲಿಂದ ವಾಪಸು. ಕೋಪ ಇಳಿಯಲು ನಾಲ್ಕು ದಿನ ಸಾಕಾಗಿತ್ತು. ನಾಚಿಕೆ ಮೂವತ್ತೈದು ವರ್ಷವಾದರೂ ಇಳಿದಿರಲಿಲ್ಲ.

ಈ ಸಲ ಬೇಸಿಗೆ ರಜದಲ್ಲಿ ನಿಸರ್ಗ ಅಪ್ಪನಿಗೆ ಗೊತ್ತಾಗದಂತೆ ಹ್ಯಾನಿಬಲ್ಲನ ಆನೆಗಳು ಹೊಳೆ ದಾಟುವ ಲ್ಯಾಟಿನ್ ಪುಟವನ್ನು ಫೋನಿಗೆ ಇಳಿಸಿಕೊಂಡು, ಅವನೇ ಕಲಿಸಿದ ಪಾಠದ ಬಲದಿಂದ ಹದಿನೈದು ದಿನ ಪದ ಪದ ಬಿಡಿಸಿದಳು. ಒಂದು ಸಂಜೆ ಅವನೆದುರು ಕೂತು ಹೇಳಿದಳು:

“ಅಪ್ಪಾ, ಬಯ್ಬೇಡ. ತೆಪ್ಪದ ಕಥೇನೂ ಐತೆ, ಈಜಿದ ಕಥೇನೂ ಐತೆ. ಎರಡೂ ಒಂದೇ ತಾವು. ಇಂಗೂ ಹೇಳ್ತಾರೆ, ಅಂಗೂ ಹೇಳ್ತಾರೆ ಅಂತ ಬರ್ದವ್ನೆ.”

ಕನಕರಾಜು ಬಯ್ಯಲಿಲ್ಲ. ಕೈಲಿದ್ದ ತೆನೆ ಕೆಳಗಿಟ್ಟ. ಅಂದು ಇನ್ನೊಂದು ಸಂಜೆ ಮೇಷ್ಟ್ರ ಜಗಲಿಯ ಮೇಲೆ ಕೂತಿದ್ದರೆ ಸಾಕಿತ್ತಲ್ಲ ಎಂಬುದು ಅವನ ಎದೆಗೆ ಬಂದು ಕೂತಿತು. ಬೆಳಗಾಗುವುದನ್ನೇ ಕಾದು, ಮಗಳನ್ನು ಕರೆದುಕೊಂಡು, ಹಾಸನದಲ್ಲಿ ಬಸ್ಸು ಬದಲಿಸಿ ಹೊಳೆನರಸೀಪುರದಲ್ಲಿ ಇಳಿದ. ಈ ಸಲ ತಿರುವಿನಲ್ಲಿ ನಿಲ್ಲಲಿಲ್ಲ.

ಬಾಗಿಲು ತೆಗೆದವರು ಮೇಷ್ಟ್ರ ಹೆಂಡತಿ ಜಯಲಕ್ಷ್ಮಮ್ಮ. ಎಂಬತ್ತರ ಮೇಲಾಗಿತ್ತು. ಹೆಸರು ಹೇಳಿದ ಮೇಲೆ ಬಹಳ ಹೊತ್ತು ಅವನ ಮುಖ ನೋಡಿ, ಮೇಷ್ಟ್ರು ತೀರಿಹೋಗಿ ಎರಡು ವರ್ಷವಾಯಿತು ಎಂದರು. ಕನಕರಾಜು ಅದೇ ಹಳೇ ಜಗಲಿಯ ಮೇಲೆ ಕೂತ. ನಿಸರ್ಗ ಅವನ ಭುಜ ಹಿಡಿದುಕೊಂಡಳು.

ಆಕೆ ಮಜ್ಜಿಗೆ ತಂದುಕೊಟ್ಟು, ಮೆಲ್ಲಗೆ ಒಂದೊಂದೇ ಹೇಳಿದರು. ಇವನು ಎದ್ದುಹೋದ ದಿನವೇ ಮೇಷ್ಟ್ರು ಪುಸ್ತಕ ತಿರುವಿ, ಹುಡುಗ ಹೇಳಿದ್ದೂ ಅದರಲ್ಲಿದೆ ಎಂದು ಕಂಡುಕೊಂಡಿದ್ದರಂತೆ. ಬೆಳಿಗ್ಗೆ ಕರೆಯಲು ಎದುರು ಮನೆಗೆ ಹೋಗುವಷ್ಟರಲ್ಲಿ ಬಸ್ಸು ಹೋಗಿತ್ತು.

“ಅವನು ಬರ್ಲಿ, ಅವನ ಮುಂದ್ಲೇ ತಪ್ಪು ಒಪ್ಕೊಂಡು ಮುಂದಕ್ಕೋಗ್ತೀನಿ ಅಂತ ಕೂತ್ರು ಕಣಪ್ಪ. ತಿಂಗಳಾದ್ರೂ ಆನೆ ದಾಟಿಸ್ಲಿಲ್ಲ. ಮಿಕ್ಕ ಮಕ್ಕಳು ಬೇಜಾರಾಗಿ ಒಬ್ಬೊಬ್ರೇ ಬಿಟ್ರು. ಆಮೇಲೆ ಪಾಠಾನೇ ನಿಂತೋಯ್ತು.”

“ಒಂದು ಕಾಗದ ಹಾಕ್ಬೋದಿತ್ತಲ್ಲ ಅವ್ವಾ” ಎಂದ ಕನಕರಾಜು.

“ನೀನು ಹಾಕ್ಬೋದಿತ್ತು. ಇಬ್ರೂ ಒಂದೇ ಮಣ್ಣು.”

ಮಜ್ಜಿಗೆಯ ಲೋಟ ಎತ್ತಿಕೊಳ್ಳುತ್ತ ಆಕೆ ದನಿ ತಗ್ಗಿಸಿದರು. ಆ ಕಾಲಕ್ಕೆ ತಾವೂ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ದಿನವೂ ಪಾಠ ಕೇಳಿಸಿಕೊಳ್ಳುತ್ತಿದ್ದರಂತೆ. ಆಮೇಲೇನಾಯಿತು ಎಂದು ಗಂಡನನ್ನು ಕೇಳಲು ಸಂಕೋಚ. ಅವರಾಗಿ ಹೇಳಲೂ ಇಲ್ಲ.

“ಹೊಳೆ ದಾಟಿದ ಮೇಲೆ ಏನಾಯ್ತಪ್ಪ ಆ ಆನೆಗಳಿಗೆ?”

ಕನಕರಾಜು ಮಗಳ ಮುಖ ನೋಡಿದ. ಅವಳು ಓದಿದ್ದು ಆ ಒಂದು ಪುಟ ಮಾತ್ರ. ಗೊತ್ತಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಕೇಳಲೆಂದು ಬಂದವನು, ಮುಂದಿನ ಶುಕ್ರವಾರ ಬಂದು ಹೇಳುತ್ತೇನೆ ಎಂದುಬಿಟ್ಟ.

ವಾಪಸು ಬಸ್ಸಿನಲ್ಲಿ ಅವನು ಆನೆಗಳ ಮುಂದಿನ ಪುಟ ತೆಗೆಸಿ ಮಗಳ ಫೋನು ಇಸಿದುಕೊಂಡ. ಕನ್ನಡಕ ತಂದಿರಲಿಲ್ಲ. “ನೀನೇ ಓದವ್ವ, ಮೆಲ್ಲಗೆ” ಎಂದು ಕಿವಿಯನ್ನು ಅವಳ ಕಡೆ ವಾಲಿಸಿ, ಕಣ್ಣು ಮುಚ್ಚಿ ಕೂತ.